ಪೊಲೀಸ್ ಕಾರಿನಲ್ಲಿ ಏನೇನಿಲ್ಲ

ಕಾರಿನ ಬಗ್ಗೆ ನನಗೇನೂ ತಿಳಿಯದು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಗಂಡ ಶ್ರೀಧರ ಇಂಜಿನ್ನಿನ ಶಕ್ತಿ, ಮೈಲೇಜು ಎಂದು ಶೋರೂಮಿನವನ ತಲೆ ತಿನ್ನುತ್ತಿದ್ದಾಗ ನಾನು ಸೀಟಿನ ಹೊಲಿಗೆ ಸವರುತ್ತ ಕೂತಿದ್ದೆ. ಕೊನೆಗೆ ನನ್ನ ಮಾತೇ ನಡೆದು, ಇಂಜಿನ್ ಪುಟ್ಟದು, ಸಿಂಗಾರ ದೊಡ್ಡದು ಎಂಬಂಥ ಕಾರು ಪರದೇಶದಲ್ಲಿ, ಬಯಾನ್ ಲೆಪಾಸ್‌ನ ನಮ್ಮ ಕಾಂಡೋ ಫ್ಲ್ಯಾಟಿಗೆ ಬಂತು. ಕೆನೆ ಬಣ್ಣದ ಚರ್ಮದ ಸೀಟು, ಅಂಗೈಯಗಲದ ಸ್ಕ್ರೀನು, ಬಾಗಿಲು ತೆರೆದರೆ ಕಾಲಬುಡದಲ್ಲಿ ನೀಲಿ ಬೆಳಕು. ಏರು ಸಿಕ್ಕರೆ ಏದುಸಿರು ಬಿಡುತ್ತಿತ್ತು, ನಿಜ. ನಾನೂ ಬಿಡುತ್ತೇನೆ; ಅದಕ್ಕೆ ನನ್ನನ್ನು ಯಾರಾದರೂ ಬದಲಾಯಿಸಿದ್ದಾರೆಯೇ?

ಶ್ರೀಧರನೂ ಮಗಳೂ ಮೈದುನನ ಮದುವೆಗೆಂದು ಮೈಸೂರಿಗೆ ಹೋದ ವಾರವೇ ಕೊರೋನಾ ಬಂದು ಗಡಿ ಮುಚ್ಚಿತು. ಆಫೀಸಿನ ಕೆಲಸವಿದೆಯೆಂದು ಉಳಿದವಳು ಉಳಿದೇಹೋದೆ. ವಿಡಿಯೋ ಕಾಲ್‌ನಲ್ಲಿ ಮಗಳು, "ಐ ಆಮ್ ಫೈನ್, ಅಮ್ಮಾ" ಎಂದು ಓಡುತ್ತಿದ್ದಳು. ಆಫೀಸಿನ ಮೀಟಿಂಗಿನಲ್ಲಿ ನನಗೆಂದೇ ಯಾರಾದರೂ ಹೇಳುತ್ತಿದ್ದ ಮಾತು "ಯು ಆರ್ ಆನ್ ಮ್ಯೂಟ್" ಒಂದೇ. ಲಿಫ್ಟಿನೊಳಗಿನ ಧ್ವನಿ "ಗ್ರೌಂಡ್ ಫ್ಲೋರ್" ಎಂದಾಗ ನಾನು "ಥ್ಯಾಂಕ್ಸ್ ರೀ" ಎಂದದ್ದೂ ಉಂಟು.

ಒಂದು ಶನಿವಾರ ಬೆಳಿಗ್ಗೆ ತರಕಾರಿ ಕೊಂಡು ಅಂಗಡಿಯಿಂದ ಹೊರಬಂದು ಸ್ಟಾರ್ಟ್ ಗುಂಡಿ ಒತ್ತಿದರೆ ಕಾರು ಉಸಿರೆತ್ತಲಿಲ್ಲ. ಸ್ಕ್ರೀನೂ ಇಲ್ಲ, ನೀಲಿ ಬೆಳಕೂ ಇಲ್ಲ. ಎದುರಿನ ರಸ್ತೆತಡೆಯಲ್ಲಿದ್ದ ಪೊಲೀಸ್ ಕಾರು ಪಕ್ಕಕ್ಕೆ ಬಂದು ನಿಂತಿತು. ಇಳಿದವರು, ಇಲ್ಲಿನವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ತಮಿಳು ಮಾತಾಡುವ ಒಬ್ಬ ಕಾರ್ಪೊರಲ್; ತಮಿಳು ನನಗೂ ಬರುತ್ತದೆ. ಮಾಸ್ಕಿನ ಮೇಲೆ ದಣಿದ ಎರಡು ಕಣ್ಣು.

"ಬ್ಯಾಟರಿ ಪೋಚ್ಚು, ಹೋಯ್ತು ಅಕ್ಕಾ. ವಾರಕ್ಕೊಂದು ಸಲ ಓಡಿಸಿದ್ರೆ ಹೀಗೇ ಲಾ."

ಅವರು ಎರಡು ಕಾರಿಗೂ ಕೇಬಲ್ ಸಿಕ್ಕಿಸುವಾಗ ನಾನು ಪೊಲೀಸ್ ಕಾರಿನೊಳಗೆ ಇಣುಕಿದೆ. ನೆಲಕ್ಕೆ ರಬ್ಬರು, ಒರಟು ಬಟ್ಟೆಯ ಸೀಟು, ಗುಂಡಿಗಳಿರಬೇಕಾದ ಕಡೆ ಬರೀ ಪ್ಲಾಸ್ಟಿಕ್ ಮುಚ್ಚಳ. ಹೊರಗೆ ಚಕ್ರಕ್ಕೆ ಮುಚ್ಚುವ ಒಂದು ತಟ್ಟೆಯೂ ಇಲ್ಲ.

"ಅಯ್ಯೋ, ಒಳಗೆ ಏನೂ ಇಲ್ವಲ್ಲ!"

"ಇಂಜಿನ್ ಮಾತ್ರ ದೊಡ್ಡ ಮಾಡೆಲ್‌ದು. ಮಿಕ್ಕದ್ದೆಲ್ಲ ಕೊಸೊಂಗ್." ಇಲ್ಲಿನ ಮಾಮಕ್ ಹೋಟೆಲುಗಳಲ್ಲಿ ಮೊಟ್ಟೆ, ಈರುಳ್ಳಿ ಏನೂ ಹಾಕದ ಬರೀ ರೋಟಿಗೆ ಹೇಳುವ ಮಾತದು; ಖಾಲಿ ಎಂದರ್ಥ. ಅವರು ಕೂತು ಆಕ್ಸಿಲರೇಟರ್ ಒತ್ತಿದರು. ಬೇಲಿಯ ಮೇಲಿದ್ದ ಮೈನಾಗಳೆಲ್ಲ ಒಟ್ಟಿಗೆ ಹಾರಿದವು.

ನನ್ನ ಕಾರು ಎರಡೇ ನಿಮಿಷಕ್ಕೆ ಎದ್ದಿತು. ಥ್ಯಾಂಕ್ಸ್ ಹೇಳಿ ಹೊರಡಬೇಕಿತ್ತು. ನಾನು, ಹಾಡು ಕೇಳೋದಕ್ಕೆ ಏನಿದೆ ಎಂದು ಕೇಳಿದೆ. ಕೈ ಊರುವುದಕ್ಕೆ? ಹಿಂದೆ ಎಸಿ ಬರುತ್ತದೆಯೇ? ಕಳ್ಳನಿಗೆ ಸೆಕೆಯಾದರೆ? ಕಾರ್ಪೊರಲ್ ಕೇಬಲ್ ಸುತ್ತುತ್ತ ಎಲ್ಲಕ್ಕೂ ಉತ್ತರ ಹೇಳಿ, ಕೊನೆಗೆ, "ಅಕ್ಕಾ, ಪೊಲೀಸ್ ಕಾರು ತಗೋಬೇಕು ಅಂತಿದೀರಾ?" ಎಂದರು.

"ಇಲ್ಲ."

"ಮತ್ತೆ ಯಾಕೆ ಇಷ್ಟು ಪ್ರಶ್ನೆ?"

ಸುಳ್ಳು ಹೇಳಬಹುದಿತ್ತು. ತೋಚಲಿಲ್ಲ. "ಎದುರಿಗೆ ಮನುಷ್ಯರನ್ನ ನಿಲ್ಲಿಸ್ಕೊಂಡು ಮಾತಾಡಿ ಹತ್ತೊಂಬತ್ತು ದಿನ ಆಯ್ತು" ಎಂದೆ. ಮುಖ ಮುಚ್ಚಿದ್ದ ಮಾಸ್ಕಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅವರು ಎರಡು ಮೀಟರ್ ದೂರ ಸರಿದು ತಮ್ಮ ಕಾರಿಗೆ ಒರಗಿದರು. "ಸರಿ, ಕೇಳಿ ಅಕ್ಕಾ" ಎಂದರು.

ಕೇಳಿದೆ. ಅವರ ಮನೆ ಇಲ್ಲಿಂದ ಹತ್ತೇ ನಿಮಿಷ; ಆದರೆ ಹೆಂಡತಿ ಬಸುರಿಯಾದ್ದರಿಂದ ಒಳಗೆ ಹೋಗುವುದಿಲ್ಲ, ಗೇಟಿನಾಚೆ ನಿಂತು ಸಾಮಾನು ಇಟ್ಟು ಬರುತ್ತಾರಂತೆ. "ದಿನಕ್ಕೆ ಇನ್ನೂರು ಜನರ ಹತ್ರ ಮಾತಾಡ್ತೀನಿ. ಎಲ್ರೂ ಪರ್ಮಿಟ್ ತೋರಿಸ್ತಾರೆ, ಹೋಗ್ತಾರೆ. ನಮ್ಮ ಕಾರಿನ ಬಗ್ಗೆ ಕೇಳಿದೋರು ನೀವೊಬ್ರೇ." ಹೊರಡುವಾಗ, ಅರ್ಧ ಗಂಟೆ ಓಡಿಸಿ, ಬ್ಯಾಟರಿ ತುಂಬಲಿ ಎಂದರು.

ಸಂಜೆ ಫೋನಿನಲ್ಲಿ ಶ್ರೀಧರನಿಗೆ ಪೊಲೀಸ್ ಕಾರುಗಳ ಇಂಜಿನ್ ಕುರಿತು ದೀರ್ಘ ಉಪನ್ಯಾಸ ಕೊಟ್ಟೆ. "ಜ್ವರ ಏನಾದ್ರೂ ಇದೆಯಾ?" ಎಂದು ಅವನು ಗಾಬರಿಯಾದ.

ಮುಂದಿನ ಶನಿವಾರ ಅದೇ ಅಂಗಡಿಗೆ ಹೋದೆ. ರಸ್ತೆತಡೆಯಲ್ಲಿ ಅದೇ ಕಾರು, ಅದೇ ಕಾರ್ಪೊರಲ್. ನಾನು ಹೆಡ್‌ಲೈಟ್ ಆರಿಸುವುದನ್ನು ಮರೆತು ಒಳಗೆ ನಡೆದೆ. ಮರೆತೆ ಎಂದೇ ಬರೆಯುತ್ತೇನೆ, ಶ್ರೀಧರನೂ ಇದನ್ನು ಓದುತ್ತಾನೆ. ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡಿ, ಒಂದು ಗಂಟೆ ಕಳೆದು, ಹೊಸ ಪ್ರಶ್ನೆಗಳೊಂದಿಗೆ ಹೊರಗೆ ಬಂದೆ. ದೀಪ ಆರಿತ್ತು. ಬಾಗಿಲು ಹಾಕಿದ ಅರ್ಧ ನಿಮಿಷಕ್ಕೆ ತಾನೇ ಆರಿಸಿಕೊಳ್ಳುವಷ್ಟು ಜಾಣ ಕಾರಂತೆ ಅದು. ಗುಂಡಿ ಒತ್ತಿದ ಕೂಡಲೇ ಸ್ಟಾರ್ಟ್ ಆಯಿತು. ನಾನು ಬೆಂಡೆಕಾಯಿ ಚೀಲ ತೊಡೆಯ ಮೇಲಿಟ್ಟುಕೊಂಡು, ಕೆನೆ ಬಣ್ಣದ ಸೀಟಿನಲ್ಲಿ, ಬಹಳ ಹೊತ್ತು ಆ ಜಾಣ ಕಾರನ್ನು ಬೈಯುತ್ತ ಕೂತಿದ್ದೆ.