ಎರವಲು ಮಕ್ಕಳು ಮತ್ತು ನನ್ನ ಬಡ್ತಿ

ಬಡ್ತಿ ಬೇಡವೆನ್ನುವ ನೌಕರನನ್ನು ನೀವು ನೋಡಿರಲಿಕ್ಕಿಲ್ಲ. ನಾನೂ ಕನ್ನಡಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಹನ್ನೆರಡು ವರ್ಷ ಹೊನ್ನಾವರದಲ್ಲಿ ನಾಲ್ಕನೇ ಇಯತ್ತೆಗೆ ಪಾಠ ಹೇಳಿಕೊಂಡು ಸುಖವಾಗಿದ್ದ ನನ್ನನ್ನು ಇಲಾಖೆಯವರು ಎತ್ತಿ ಕುಮಟೆಯಲ್ಲಿ ಶಾಲಾ ಇನ್ಸ್‌ಪೆಕ್ಟರನ ಕುರ್ಚಿಯಲ್ಲಿ ಕೂರಿಸಿದರು. ಅಂದಿನಿಂದ ನನಗೆ ಮಕ್ಕಳ ಗಲಾಟೆ ಇಲ್ಲ, ಸೀಮೆಸುಣ್ಣದ ಧೂಳಿಲ್ಲ, ಊಟವೂ ರುಚಿಸುತ್ತಿಲ್ಲ. ಮೊದಲೆಲ್ಲ ನನ್ನನ್ನು ಕಂಡರೆ ಓಡಿಬಂದು ಕೈಹಿಡಿಯುತ್ತಿದ್ದ ಮಕ್ಕಳು ಈಗ ಎದ್ದು ನಿಂತು, ಕೈಕಟ್ಟಿ, ಉಸಿರು ಬಿಗಿಹಿಡಿಯುತ್ತವೆ. ನನಗೆ ಅಳು ಬರುವುದೊಂದು ಬಾಕಿ.

ಕೊನೆಗೆ, ‘ನನ್ನನ್ನು ದಯಮಾಡಿ ಮರಳಿ ಮಾಸ್ತರನನ್ನಾಗಿ ಮಾಡಬೇಕು’ ಎಂದು ಮೇಲಿನವರಿಗೆ ಅರ್ಜಿ ಬರೆದೆ. ಹೆಂಡತಿಗೆ ಓದಿ ಹೇಳಿದ್ದು ತಪ್ಪಾಯಿತು.

“ನಿಮ್ಗೆ ಎಂತ ಆಗದೆ? ಮೊನ್ನೆ ಬಾವಿಕಟ್ಟೆ ಹತ್ರ ಎಲ್ಲರೂ ‘ಮೊದ್ಲು ಸಾಹೇಬ್ರ ಮನೆಯವ್ರು ನೀರು ಸೇದ್ಕಳ್ಳಿ’ ಹೇಳಿ ದಾರಿ ಬಿಟ್ರು. ಇನ್ನು ಮತ್ತೆ ಸಾಲಿನಲ್ಲಿ ನಿಲ್ಬೇಕಾ ನಾನು?” ಎಂದಳು. ಅರ್ಜಿ ಕೋಟಿನ ಕಿಸೆಗೆ ಹೋಯಿತು. ಎರಡು ತಿಂಗಳು ಅದು ನನ್ನ ಜೊತೆ ಊರೂರು ತಿರುಗಿತು.

ಆಗಲೇ ಒಂದು ಸೋಮವಾರ ಕತಗಾಲದ ರಸ್ತೆಯ ಮೇಲಿನ ಒಂದು ಶಾಲೆಯ ತಪಾಸಣೆಗೆ ಹೋದೆ. ಶಾಲೆ ಯಾವುದೆಂದು ಹೇಳುವುದಿಲ್ಲ, ಅಲ್ಲಿಯವರೆಲ್ಲ ಇನ್ನೂ ನೌಕರಿಯಲ್ಲಿದ್ದಾರೆ. ನೆಲ ಸಾರಿಸಿತ್ತು, ಎಳನೀರು ಬಂತು, ಸ್ವಾಗತದ ಹಾಡಾಯಿತು. ಎರಡು ಜಡೆಯ ಒಬ್ಬ ಹುಡುಗಿ ನಾನು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟಳು. ಹೆಸರು ಸುಶೀಲೆ. ಮರುದಿನ ಎರಡು ಮೈಲು ಆಚೆಯ ಶಾಲೆಗೆ ಹೋದರೆ ಮುಂದಿನ ಸಾಲಿನಲ್ಲಿ ಅದೇ ಎರಡು ಜಡೆ!

“ನಿನ್ನ ಹೆಸರೇನಮ್ಮ?” ಎಂದೆ.

ಅವಳು ಪಾಠ ಮಾಡುವ ಅಕ್ಕೋರ ಕಡೆ ತಿರುಗಿ, “ಅಕ್ಕೋರೆ, ಇಲ್ಲಿ ನನ್ ಹೆಸ್ರು ಎಂತದು?” ಎಂದು ಕೇಳಿದಳು.

ಬಡ್ತಿಯಾದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಅಕ್ಕೋರು ಮಾತ್ರ ಬೆಳ್ಳಗಾದರು. ಇನ್ಸ್‌ಪೆಕ್ಟರು ಬರುವ ದಿನ ದಡ್ಡ ಮಕ್ಕಳನ್ನು ಮನೆಯಲ್ಲೇ ಇರಿಸಿ, ನೆರೆಶಾಲೆಯ ಜಾಣರನ್ನು ಎರವಲು ತಂದು ಕೂರಿಸುವುದು ನಮ್ಮ ಕಡೆಯ ಹಳೆಯ ಪದ್ಧತಿ. ಹನ್ನೆರಡು ವರ್ಷ ನಾನೂ ಅದನ್ನು ಭಕ್ತಿಯಿಂದ ಪಾಲಿಸಿದವನೇ. ‘ಉತ್ತಮ ಶಿಕ್ಷಕರು’ ಎಂಬ ಷರಾ ನನಗೆ ಪ್ರತಿ ಸಲವೂ ಸಿಕ್ಕಿದೆ. ಹೀಗಿರುವಾಗ ಅವರನ್ನು ಯಾವ ಬಾಯಿಯಿಂದ ಬಯ್ಯಲಿ?

“ವರದಿಯಲ್ಲಿ ಇದನ್ನೇನೂ ಬರೆಯುವುದಿಲ್ಲ. ಮನೆಯಲ್ಲಿ ಇರಿಸಿದ ಮಕ್ಕಳನ್ನು ಗುರುವಾರ ಕರೆಸಿ, ನಾನೇ ಪಾಠ ಮಾಡುತ್ತೇನೆ” ಎಂದೆ. ಹೇಳುವಾಗಲೇ ಮೈಯಲ್ಲಿ ಹೊಸ ಹುರುಪು ಬಂತು.

ಗುರುವಾರ ಹದಿನಾಲ್ಕು ಮಕ್ಕಳು ಬಂದಿದ್ದವು. ಭಾಗಾಕಾರ ತೆಗೆದುಕೊಂಡೆ. ಇಪ್ಪತ್ತು ಬಂಗಡೆ, ಐದು ಮನೆ. ಕಪ್ಪು ಹಲಗೆಯ ಮೇಲೆ ಮೀನು ಬರೆದೆ, ಬೆಕ್ಕು ಬರೆದೆ, ಕುಣಿಯುವುದೊಂದು ಬಾಕಿ. ಮಕ್ಕಳು ನಕ್ಕವು. ನನ್ನ ಕೈ ಇನ್ನೂ ಕೆಟ್ಟಿಲ್ಲವೆಂದು ಹಿಗ್ಗಿದೆ. ಅರ್ಜಿಯನ್ನು ಆ ಸಂಜೆಯೇ ಟಪಾಲಿಗೆ ಹಾಕಬೇಕೆಂದು ನಿಶ್ಚಯಿಸಿ, ಬೆವರು ಒರೆಸಿಕೊಳ್ಳುತ್ತ ಅಕ್ಕೋರನ್ನು ಕೇಳಿದೆ, “ಹೇಗಿತ್ತು ಪಾಠ?”

ಅಕ್ಕೋರು ಸೆರಗು ಸರಿಮಾಡಿಕೊಂಡರು. “ಸಿಟ್ಟು ಮಾಡ್ಬಾರ್ದು, ಸಾಹೇಬ್ರೆ. ಚಿತ್ರ ಚೊಲೋ ಇತ್ತು. ಆದ್ರೆ ನೀವೇ ಪ್ರಶ್ನೆ ಕೇಳ್ತ್ರಿ, ಮಕ್ಳು ಬಾಯಿ ಬಿಡೂದ್ರೊಳಗೆ ನೀವೇ ಉತ್ರ ಹೇಳ್ತ್ರಿ. ಈ ಮಕ್ಳಿಗೆ ಸ್ವಲ್ಪ ಹೊತ್ತು ಬೇಕು.”

ನಾನು ಮತ್ತೆ ಹಲಗೆಯ ಕಡೆ ತಿರುಗಿ, ಮೂವತ್ತು ಬಂಗಡೆ, ಆರು ಮನೆ ಎಂದು ಕೇಳಿ, ನಾಲಿಗೆ ಕಚ್ಚಿಕೊಂಡು ನಿಂತೆ. ಆ ಒಂದು ನಿಮಿಷ ನನಗೆ ಒಂದು ಯುಗವಾಯಿತು. ಹಿಂದಿನ ಸಾಲಿನಲ್ಲಿ ಒಂದು ಪುಟ್ಟ ಕೈ ಮೇಲೆದ್ದಿತು. “ಐದು.” ಆ ಮಗುವಿನ ಮುಖದಲ್ಲಿ ಕಂಡ ಸಂತೋಷವನ್ನು ನಾನು ಹನ್ನೆರಡು ವರ್ಷದಲ್ಲಿ ಎಷ್ಟು ಮಕ್ಕಳಿಗೆ ತಪ್ಪಿಸಿದ್ದೇನೋ! ನಿಜಕ್ಕೂ ನಾಚಿಕೆಯಾಯಿತು. ಜೊತೆಗೆ, ಇನ್ನು ಕಲಿಯಲು ಇಡೀ ತಾಲೂಕಿನ ಶಾಲೆಗಳು ನನ್ನ ಕೈಯಲ್ಲಿವೆಯಲ್ಲ ಎಂದು ಖುಷಿಯೂ ಆಯಿತು. ಅರ್ಜಿಯನ್ನು ಹರಿದುಹಾಕಿದೆ.

ಮರುವಾರ ಇನ್ನೊಂದು ಶಾಲೆಗೆ ಹೋದಾಗ ಲೆಕ್ಕ ಕೇಳಿ ಕಾಯುತ್ತ ನಿಂತೆ. ಗಾಬರಿಗೊಂಡ ಅಲ್ಲಿಯ ಮಾಸ್ತರರು ಮಕ್ಕಳ ಬದಲು ತಾವೇ ಉತ್ತರ ಹೇಳಿಬಿಟ್ಟರು. ನಾನು ಕನ್ನಡಕ ಮೂಗಿನ ಮೇಲೆ ಇಳಿಸಿ, ಗಂಭೀರವಾಗಿ, “ಮಕ್ಕಳಿಗೆ ಸ್ವಲ್ಪ ಹೊತ್ತು ಕೊಡಬೇಕು, ಮಾಸ್ತರೇ. ಇದು ನನ್ನ ಹನ್ನೆರಡು ವರ್ಷದ ಅನುಭವ” ಎಂದೆ.