ಬಿಲ್ಡ್ ಫೋಲ್ಡರಿಗೆ ಯಾರು ಯಜಮಾನ?

ಯಾರ ಫೈಲನ್ನ ಯಾರು ಮುಟ್ಟಬಹುದು, ಯಾರು ಅಳಿಸಬಹುದು ಅನ್ನೋದಕ್ಕೇ ದೊಡ್ಡ ದೊಡ್ಡ ಡಿಗ್ರಿಯವರು ಜುಟ್ಟು ಹಿಡ್ಕೊಂಡು ಜಗಳ ಆಡೋದು ನಮ್ಮ ಆಫೀಸಲ್ಲಿ ವಾರಕ್ಕೊಂದ್ಸಲ ಇದ್ದೇ ಇರ್ತಿತ್ತು. ನಾನೋ ಇಂಜಿನಿಯರಿಂಗ್ ಎರಡನೇ ವರ್ಷಕ್ಕೇ ಕೈಮುಗಿದು ಬಂದವನು. ಕೋಲ್ಕತ್ತಾದ ಸಾಲ್ಟ್ ಲೇಕಿನ ಆ ಕಂಪನೀಲಿ ಎಲ್ಲರ ಕೋಡನ್ನೂ ಒಟ್ಟು ಹಾಕಿ ಸಾಫ್ಟ್‌ವೇರ್ ಕಟ್ಟೋ ‘ಬಿಲ್ಡ್’ ಕೆಲಸ ನಂದು. ಆರು ತಿಂಗಳು ಪ್ರೊಬೇಷನ್.

ರೈಲ್ವೇಲಿದ್ದ ನಮ್ಮಪ್ಪ ಮೊದಲ್ನೇ ದಿನವೇ ಹೇಳಿದ್ರು: “ಮ್ಯಾನೇಜರ್ ಒಳ್ಳೆ ರಿಪೋರ್ಟ್ ಕೊಟ್ಟು ಪರ್ಮನೆಂಟ್ ಆದ್ಯೋ ಸರಿ. ಇಲ್ಲಾಂದ್ರೆ ವಾಪಸ್ ಕಾಲೇಜು. ನಾನೇ ಕೈ ಹಿಡ್ಕೊಂಡು ಹೋಗಿ ಬೆಂಚ್ ಮೇಲೆ ಕೂರಿಸಿ ಬರ್ತೀನಿ.”

ಬಾಗಿಲು ಕಿತ್ತ ದಾದಾ

ಪಕ್ಕದ ಸೀಟಿನ ಸೀನಿಯರ್‌ಗೆ ಎಲ್ರೂ ದಾದಾ, ಅಂದ್ರೆ ಅಣ್ಣ, ಅಂತಿದ್ವಿ. ಒಬ್ಬನ ಫೈಲ್ ಇನ್ನೊಬ್ಬನಿಗೆ ತೆರೆಯಲ್ಲ ಅಂದ್ರೆ ಅವರದ್ದು ಒಂದೇ ಮದ್ದು: “777 ಕೊಡು!” ಅಂದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ಮಾಡ್ಕೊಳ್ಳಿ. ಬೀಗ ಕೈಕೊಡ್ತು ಅಂತ ಬಾಗಿಲನ್ನೇ ಕಿತ್ತಿಟ್ಟ ಹಾಗೆ. ನಾಳೆ ಹೊಸ ಫೈಲು, ಮತ್ತೆ ಅದೇ ಗೋಳು.

ಸರ್ವರ್ ನೋಡ್ಕೊಳ್ಳೋ ಅಡ್ಮಿನ್‌ಗೆ ಗಂಟುಬಿದ್ದು ಫೋಲ್ಡರಿಗೆ ‘ಸೆಟ್‌ಜಿಐಡಿ’ ಹಾಕಿಸ್ದೆ. ಆಮೇಲೆ ಒಳಗೆ ಯಾರು ಫೈಲ್ ಮಾಡಿದ್ರೂ ಅದು ತಾನಾಗೇ ಇಡೀ ಟೀಮಿನ ಗುಂಪಿಗೆ ಸೇರ್ತಿತ್ತು.

“ಆರೇ ಬಾಬಾ, ಇದನ್ನ ಕಾಲೇಜಲ್ಲಿ ಕಲಿಸ್ತಾರಾ?” ಅಂದ್ರು ದಾದಾ.

“ಇಲ್ಲ ದಾದಾ. ಕಾಲೇಜು ಬಿಟ್ಟಿದ್ದಕ್ಕೆ ಕಲಿಯೋಕೆ ಟೈಮ್ ಸಿಕ್ತು.”

ಸೀಟಿನ ಮೇಲಿನ ಕರ್ಚೀಫು

ಆಮೇಲೆ ಒಬ್ಬರ ಫೈಲನ್ನ ಇನ್ನೊಬ್ಬರು ಅಳಿಸೋ ಕಾಟ. ಅದಕ್ಕೂ ಅಡ್ಮಿನ್ ಕೈಲಿ ‘ಸ್ಟಿಕಿ ಬಿಟ್’ ಹಾಕಿಸ್ದೆ. ಬಸ್ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ ಅದು. ಹಾಕಿದವನೇ ತೆಗೀಬೇಕು.

ದಾದಾ ಆ ಫೋಲ್ಡರಲ್ಲಿ ಬೆಟ್ಟದಷ್ಟು ಟೆಸ್ಟ್ ಫೈಲ್ ಸುರಿದು ದುರ್ಗಾ ಪೂಜೋ ರಜಕ್ಕೆ ಹೋದ್ರು. ಡಿಸ್ಕ್ ತುಂಬಿ ಬಿಲ್ಡ್ ನಿಂತೋಯ್ತು.

“ಅಳಿಸೋ ಅದನ್ನ!” ಅಂತ ಮ್ಯಾನೇಜರ್ ಕೂಗಿದ್ರು.

“ಆಗಲ್ಲ ಸರ್. ದಾದಾನೇ ಅಳಿಸ್ಬೇಕು.”

“ಯಾವ ಪುಣ್ಯಾತ್ಮ ಮಾಡಿದ ರೂಲು ಇದು?”

“ನಾನೇ ಸರ್.”

ಮ್ಯಾನೇಜರ್ ಸೀದಾ ಒಳಗೆ ಹೋಗಿ ನನ್ನ ಪ್ರೊಬೇಷನ್ ರಿಪೋರ್ಟ್ ಬರೆಯೋಕೆ ಕೂತ್ರು.

ಎಲ್ಲರ ಕೈಗೂ ರಾಜನ ಕತ್ತಿ

ಅಡ್ಮಿನ್‌ಗೆ ಫೋನ್ ಮಾಡ್ದೆ. ಅವನೂ ತನ್ನ ಪಾಡಾದ, ಅಂದ್ರೆ ಬೀದಿಯ, ಪೂಜೆ ಪೆಂಡಾಲಲ್ಲಿ! ಢಾಕ್ ಡೋಲಿನ ಸದ್ದಿನ ಮಧ್ಯೆ ಪಾಸ್‌ವರ್ಡ್ ಕಿರುಚಿ, “ಒಂದೇ ಸಲ, ಆಮೇಲೆ ಮರ್ತುಬಿಡು” ಅಂದ. ದಾದಾನ ಫೈಲ್ ಅಳಿಸ್ದೆ. ಆದ್ರೆ ಪ್ರತಿ ಸಲ ಯಾರಪ್ಪ ಪೆಂಡಾಲಿಗೆ ಫೋನ್ ಮಾಡೋದು ಅಂತ, ಅಳಿಸೋ ಪ್ರೋಗ್ರಾಮಿನ ಒಂದು ಕಾಪಿ ಮಾಡಿ ‘ಸೆಟ್‌ಯುಐಡಿ’ ಹಾಕ್ಬಿಟ್ಟೆ. ಅದನ್ನ ಯಾರು ಓಡಿಸಿದ್ರೂ ಅಡ್ಮಿನ್ನೇ ಓಡಿಸಿದಷ್ಟು ಪವರ್ರು.

ಮಾರನೇ ದಿನ ಮತ್ತೆ ಡಿಸ್ಕ್ ತುಂಬ್ತು. “ಸರಿ, ನಾನೇ ಅಳಿಸ್ತೀನಿ” ಅಂತ ಮ್ಯಾನೇಜರ್ ನನ್ನ ಪ್ರೋಗ್ರಾಮನ್ನ ಬಿಲ್ಡ್ ಫೋಲ್ಡರಿನ ಒಳಗೆ ಹೋಗೋ ಬದಲು ಅದರ ಹೊರಗಿನ ದೊಡ್ಡ ಫೋಲ್ಡರಲ್ಲೇ ನಿಂತ್ಕೊಂಡು ಓಡಿಸಿದ್ರು. ಬಿಲ್ಡ್ ಹೋಯ್ತು, ಅವರ ಸ್ವಂತ ಫೋಲ್ಡರೂ ಹೋಯ್ತು. ಬಿಲ್ಡನ್ನ ಮಧ್ಯಾಹ್ನದೊಳಗೆ ಮತ್ತೆ ಕಟ್ಟಿದೆ. ಅವರ ಫೋಲ್ಡರಿಗೆ ಮಾತ್ರ ಎಲ್ಲೂ ಬ್ಯಾಕಪ್ ಇರ್ಲಿಲ್ಲ.

ಸಂಜೆ ಮ್ಯಾನೇಜರ್ ಬೆಣ್ಣೆ ಥರ ಬಂದ್ರು.

“ಎಚ್‌ಆರ್‌ಗೆ ನಿನ್ನ ರಿಪೋರ್ಟ್ ಇವತ್ತೇ ಬೇಕಂತೆ. ಅದೂ ಆ ಫೋಲ್ಡರಲ್ಲೇ ಇತ್ತು. ಏನು ಬರೆದಿದ್ದೆ ಅಂತ ನೆನಪೇ ಇಲ್ಲ. ನಿಂಗೇನಾದ್ರೂ ಗೊತ್ತಾ?”

“ನೀವು ತೋರಿಸಿರ್ಲಿಲ್ಲ ಸರ್.”

“ಹಾಗಾದ್ರೆ ನೀನೇ ಬರ್ಕೊಂಡು ಬಾ. ಡಿಲೀಟ್ ವಿಷಯ ನಮ್ಮಿಬ್ಬರಲ್ಲೇ ಇರ್ಲಿ.”

ಶಿಸ್ತು, ಜವಾಬ್ದಾರಿ, ದೂರದೃಷ್ಟಿ, ವಿನಯ, ಏನೂ ಬಿಡದೆ ಒಂದು ಪುಟ ತುಂಬಿಸಿ ತಂದೆ. ಮ್ಯಾನೇಜರ್ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು.

“ಇಷ್ಟು ಒಳ್ಳೆ ಹುಡುಗ ನಮ್ಮ ಆಫೀಸಲ್ಲಿ ಯಾರಿದಾನಪ್ಪಾ?” ಅಂತ ಕೇಳ್ತಾನೇ ಸೈನ್ ಹಾಕಿದ್ರು.