ಮೇಷ್ಟ್ರು ತೂಗಿದ ಶಟರು

"ಮೋಟರ್ ಆರಿಸೋದು ಅಂದ್ರೆ ಬದನೆಕಾಯಿ ಆರಿಸಿದ ಹಾಗಲ್ಲ, ತಿಳ್ಕೋ! ಅದಕ್ಕೆ ತಲೆ ಬೇಕು!"

ವಿಜ್ಞಾನದ ಮೇಷ್ಟ್ರು ಹೀಗೆ ಘೋಷಿಸಿದಾಗ ಅವರ ಹೆಂಡತಿ ಗ್ಯಾರೇಜಿನಲ್ಲಿ ಕ್ರೀಮು ಕಡೆಯುತ್ತಿದ್ದಳು. ಕಾರು ಮಾರಿದ ಮೇಲೆ ಆ ಗ್ಯಾರೇಜು ಅವಳ ಕೇಕ್ ಕಾರ್ಖಾನೆಯಾಗಿತ್ತು. ಅದಕ್ಕಿದ್ದದ್ದು ಪಕ್ಕದಲ್ಲೊಂದು ಸರಳಿನ ಕಿಟಕಿ, ಮುಂದೊಂದು ಕಬ್ಬಿಣದ ಶಟರು, ಅಷ್ಟೇ. ಶಟರು ಎತ್ತಿದರೆ ಬೀದಿಗೆ ಬೀದಿಯೇ ಎದ್ದು ಕೂರುವಂಥ ಸದ್ದು! ಅದನ್ನು ಎತ್ತಿ ಎತ್ತಿ ಮೇಷ್ಟ್ರ ಸೊಂಟ ಹಿಡಿದಿತ್ತು. ಅದಕ್ಕೇ ಶಟರಿಗೆ ಮೋಟರು ಹಾಕಿಸುವ ಹಠ.

"ತಲೆ ಆಮೇಲೆ ನೋಡೋಣ, ಸದ್ಯಕ್ಕೆ ಒಂಚೂರು ಗ್ರೀಸ್ ಹಚ್ಚಿ ರೀ" ಎಂದಳು ಹೆಂಡತಿ. "ಶನಿವಾರ ನನ್ನ ಕೇಕ್ ಹೋಗ್ಬೇಕು. ಅಲ್ಲೀವರೆಗೂ ಬಾಗಿಲ ತಂಟೆಗೆ ಬರ್ಬೇಡಿ."

ಅದು ಅಂತಿಂಥ ಕೇಕಲ್ಲ. ಇಷ್ಟು ದಿನ ಅಕ್ಕಪಕ್ಕದ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕು ಮಾಡಿಕೊಂಡಿದ್ದವಳಿಗೆ ಹೊಸ ಹೋಟೆಲೊಂದರ ಒಡತಿ ಉದ್ಘಾಟನೆಗೆಂದು ಮೂರಂತಸ್ತಿನ ಕೇಕು ಹೇಳಿದ್ದಳು. ಮೆಚ್ಚಿದರೆ ಇನ್ನು ಹೋಟೆಲಿನ ಕೇಕೆಲ್ಲ ಇವಳದೇ! ಆ ಆಸೆಯನ್ನು ಬಾಯಿಬಿಟ್ಟು ಹೇಳಲೂ ಅವಳಿಗೆ ಹೆದರಿಕೆ.

ಆದರೆ ಮೇಷ್ಟ್ರು ಹಿಡಿದ ಪಟ್ಟು ಬಿಡುವವರೇ? ಶಟರು ಸುತ್ತಿಕೊಳ್ಳುವ ಕೊಳವೆಯೊಳಗೇ ಅಡಗಿ ಕೂರುವ ಟ್ಯೂಬುಲರ್ ಮೋಟರಿನ ಬಗ್ಗೆ ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಅರೆದು ಕುಡಿದರು. ಶಟರಿನ ತೂಕಕ್ಕೆ ತಕ್ಕ ಮೋಟರು ಆರಿಸಬೇಕು. ಗುಟ್ಟೆಲ್ಲ ಇರುವುದು ಅಲ್ಲೇ. ಸರಿ, ಮನುಷ್ಯರು ನಿಂತು ನೋಡಿಕೊಳ್ಳುವ ತೂಕದ ಯಂತ್ರವನ್ನು ಬಾಗಿಲಿಗೆ ತಂದಿಟ್ಟು, ಅದರ ಮೇಲೆ ನಿಂತು, ಶಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಮುಳ್ಳು ನೋಡಿದರು. ತಮ್ಮ ತೂಕ ಕಳೆದರು.

"ಇಪ್ಪತ್ತೇ ಕೆಜಿ ಕಣೇ! ಚಿಕ್ಕ ಮೋಟರು ಧಾರಾಳವಾಯ್ತು! ಲೆಕ್ಕ ಬರದವರೆಲ್ಲ ದೊಡ್ಡದು ಹಾಕಿಸ್ಕೊಂಡು ಮೋಸ ಹೋಗ್ತಾರೆ!"

ಶಟರ್ ಮೆಕ್ಯಾನಿಕ್ ಸಿಕ್ಕಿದ್ದೂ ಅಂಥವನೇ. ಗಿರಾಕಿ ಏನೆಂದರೂ ತಲೆಯಾಡಿಸುವುದೇ ಅವನ ವ್ಯಾಪಾರದ ಗುಟ್ಟು.

"ಸಾರ್, ಮೋಟರ್ ನಿಂತ್ರೆ ಕೈಯಲ್ಲಿ ತಿರುಗಿಸೋ ಹ್ಯಾಂಡಲ್ ಇರೋದೂ ಇದೆ. ಅದನ್ನೇ ಹಾಕ್ಲಾ?"

"ಕೈಯಲ್ಲೇ ತಿರುಗಿಸೋದಾದ್ರೆ ಮೋಟರ್ ಯಾಕಯ್ಯಾ?"

"ಅದೂ ಸರಿ ಸಾರ್. ನೀವು ಹೇಳಿದ್ಮೇಲೆ ಮುಗೀತು!"

ಶುಕ್ರವಾರ ಅವನು ಹಳೆಯ ಸ್ಪ್ರಿಂಗುಗಳನ್ನು ಕಿತ್ತು ಮೂಲೆಗೆಸೆದು ಹೊಸ ಮೋಟರು ಕೂರಿಸಿದ. ಅದು ನರಳುತ್ತ ನರಳುತ್ತ ಶಟರನ್ನು ಒಂದು ಸಲ ಮೇಲೆತ್ತಿತು. ಮೆಕ್ಯಾನಿಕ್ ಆ ಗಳಿಗೆಯಲ್ಲೇ ಜಾಗ ಖಾಲಿ ಮಾಡಿದ.

ಶನಿವಾರ ಬೆಳಿಗ್ಗೆ ಕೇಕು ಸೊಂಟದೆತ್ತರ ನಿಂತಿತ್ತು. ಧೂಳು ಬೀಳದಂತೆ ಶಟರು ಇಳಿಸಿ, ಹೆಂಡತಿ ಬಟ್ಟೆ ಬದಲಿಸಲು ಮನೆಯೊಳಗೆ ಹೋದಳು. "ಇಲ್ಲೇ ಕಾವಲಿರಿ. ಏನೂ ಮುಟ್ಬೇಡಿ!"

ಮೇಷ್ಟ್ರು ಏನನ್ನೂ ಮುಟ್ಟಲಿಲ್ಲ. ರಿಮೋಟಿನ ಗುಂಡಿ ಒತ್ತಿದರೆ ಅದು ಮುಟ್ಟಿದಂತೆಯೇ? ಮೊದಲು ಔಷಧಿ ಅಂಗಡಿಯವರಿಗೆ ಏರಿಸಿ ಇಳಿಸಿ ತೋರಿಸಿದರು. ಆಮೇಲೆ ಅಂಚೆಯವರಿಗೆ. ಕೊನೆಗೆ ಎದುರುಮನೆ ಅಜ್ಜಿಗೆ.

"ಅಯ್ಯೋ, ಮಂತ್ರ ಹಾಕಿದ ಹಾಗಿದೆಯಲ್ಲಪ್ಪ! ಇನ್ನೊಂದ್ಸಲ ಮಾಡು!"

ಅಜ್ಜಿಗೆ ಇಲ್ಲವೆನ್ನಲಾದೀತೇ? ಮಾಡಿದರು. ಶಟರು ಮೊಣಕಾಲೆತ್ತರಕ್ಕೆ ಬಂದು 'ಟಕ್' ಎಂದು ನಿಂತಿತು. ಮೇಲಿನ ಗುಂಡಿಗೂ ಇಲ್ಲ, ಕೆಳಗಿನ ಗುಂಡಿಗೂ ಇಲ್ಲ! ಅಜ್ಜಿ ಮೆಲ್ಲಗೆ ಮನೆ ಸೇರಿಕೊಂಡಳು.

"ಏನ್ರೀ ಇದು?" ಹೆಂಡತಿ ಬಂದು ನಿಂತಿದ್ದಳು.

"ಏನಿಲ್ಲ. ಮೋಟರು ಬಿಸಿಯಾಗಿದೆ, ವಿಶ್ರಾಂತಿ ತಗೊಳ್ತಿದೆ. ಅದು ಸುರಕ್ಷಾ ವ್ಯವಸ್ಥೆ ಕಣೇ!"

"ಎಷ್ಟು ಹೊತ್ತು?"

"ಅದಕ್ಕೆ ಮನಸ್ಸು ಬರೋವರೆಗೆ."

ಅಷ್ಟರಲ್ಲಿ ಕೇಕು ಒಯ್ಯುವ ವ್ಯಾನು ಬಂದು ಹಾರನ್ ಹೊಡೆಯಿತು. ಹೆಂಡತಿಯ ಕಣ್ಣು ತುಂಬಿತು. ಬೈಯಲೂ ಪುರುಸೊತ್ತಿಲ್ಲದೆ ಕಣ್ಣೊರೆಸಿಕೊಂಡು, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ನೆಲಕ್ಕೊರಗಿ ಶಟರಿನಡಿ ಒಳಗೆ ತೂರಿದಳು. ಅಂತಸ್ತುಗಳನ್ನು ಬಿಡಿಬಿಡಿಯಾಗಿ ತಟ್ಟೆಗಳ ಮೇಲೆ ಇಳಿಸಿ ಕೂಗಿದಳು. "ಬೋರಲು ಮಲಗಿ ಎಳ್ಕೊಳ್ಳಿ! ಮೆತ್ತಗೆ! ಅದು ಚಾಪೆಯಲ್ಲ!"

ಮೇಷ್ಟ್ರು ಬೋರಲು ಮಲಗಿದರು. ಒಂದು ಬಂತು, ಎರಡು ಬಂತು. ಮೂರನೆಯದೂ ಬಂತು, ಬರುವಾಗ ಮೂಗಿಗಿಷ್ಟು ಕ್ರೀಮು ಮೆತ್ತಿತು. ಗೆದ್ದ ಖುಷಿಯಲ್ಲಿ ಮೇಷ್ಟ್ರು ಎದೆಯೂರಿ ಹೊರಳಿದರು. ರಿಮೋಟು ಇದ್ದದ್ದು ಅಂಗಿಯ ಜೇಬಿನಲ್ಲಿ!

ಅಷ್ಟು ಹೊತ್ತಿಗೆ ಒಂಚೂರು ತಣಿದಿದ್ದ, ಏಳಲಾರದ ಮೋಟರಿಗೆ ಬೀಳುವುದಕ್ಕೆ ಎಲ್ಲಿಲ್ಲದ ಉತ್ಸಾಹ. ಮೇಷ್ಟ್ರು ತಲೆ ಹೊರಗೆಳೆದುಕೊಳ್ಳುವುದಕ್ಕೂ ಶಟರು ದಢಾರನೆ ನೆಲ ಮುಟ್ಟುವುದಕ್ಕೂ ಸರಿಹೋಯಿತು. ಕೇಕು ಹೊರಗೆ, ಹೆಂಡತಿ ಒಳಗೆ! ಮತ್ತೆ ಗುಂಡಿ ಒತ್ತಿದರೆ ಗೇಣುದ್ದ ಎದ್ದು 'ಟಕ್'!

ಕಿಟಕಿಯ ಸರಳಿನ ಹಿಂದೆ ಹೆಂಡತಿಯ ಮುಖ ಕಾಣಿಸಿತು. "ರೀ, ಇಲ್ಲಿ ಮೂಲೇಲಿ ದಪ್ಪ ಸ್ಪ್ರಿಂಗ್ ಬಿದ್ದಿವೆಯಲ್ಲ, ಇವು ಮೇಲೆ ಕೂತು ಏನ್ ಮಾಡ್ತಿದ್ವು?"

"ಶಟರಿನ ಭಾರ ಹೊರ್ತಿದ್ವು."

"ನೀವು ತೂಗಿದ್ದು ಇವು ಭಾರ ಹೊರ್ತಿದ್ದಾಗಲೋ, ಕಿತ್ತ ಮೇಲೋ?"

ಮೇಷ್ಟ್ರು ಮೂಗಿನ ಕ್ರೀಮು ಒರೆಸಿಕೊಂಡರು. ಇಂಥ ತಪ್ಪಿಗೇ ಎಷ್ಟು ಮಕ್ಕಳ ಅಂಕ ಕತ್ತರಿಸಿದ್ದರೋ!

"ಹೋಗ್ಲಿ ಬಿಡಿ. ಇನ್ನು ನೀವೇ ತಗೊಂಡ್ಹೋಗಿ. ಅಲ್ಲಿ ಒಂದರ ಮೇಲೊಂದು ಇಡಿ. ದೊಡ್ಡದು ಕೆಳಗೆ! ನಾನು ಫೋನಲ್ಲಿ ಹೇಳಿದಷ್ಟು ಮಾಡಿ. ಸ್ವಂತ ಬುದ್ಧಿ ಮಾತ್ರ ದಯವಿಟ್ಟು ಉಪಯೋಗಿಸ್ಬೇಡಿ."

ಮೇಷ್ಟ್ರು ಜೀವಮಾನದಲ್ಲಿ ಮೊದಲ ಬಾರಿ ಹೇಳಿದಷ್ಟೇ ಮಾಡಿದರು. ಹೋಟೆಲಿನಲ್ಲಿ ಮೂರು ಅಂತಸ್ತೂ ಏರಿಸಿ, ಬಿರುಕಿದ್ದಲ್ಲಿ ಫೋನಿನ ಅಪ್ಪಣೆಯಂತೆ ಕ್ರೀಮು ಹಚ್ಚಿದರು. ಒಡತಿ ಕೇಕನ್ನು ಸುತ್ತಲೂ ನೋಡಿದಳು, ತುದಿಯಿಂದೊಂದು ಚೂರು ಬಾಯಿಗಿಟ್ಟಳು. "ನಿಮ್ಮನೆಯವರಿಗೆ ಹೇಳಿ, ಇನ್ಮೇಲೆ ನಮ್ಮ ಕೇಕೆಲ್ಲ ಅವರದೇ" ಎಂದಳು.

ಮೇಷ್ಟ್ರು ಮನೆಗೆ ಓಡಿ ಬಂದರೆ ಶಟರು ಪೂರ್ತಿ ಮೇಲಿದೆ! ಹೆಂಡತಿ ಮೆಕ್ಯಾನಿಕ್‌ನನ್ನು ಕರೆಸಿದ್ದಳು. ಅವನು ಇನ್ನೊಂದು ರಿಮೋಟು ತಂದು, ತಣ್ಣಗಾದ ಮೋಟರಿಗೆ ಬೀದಿಯವರಿಂದ ಕೈ ಕೊಡಿಸಿ ಶಟರು ಎತ್ತಿಸಿದ್ದ. ಈಗ ಅಲ್ಲಿ ಹೊಸ ಮೋಟರು, ಹ್ಯಾಂಡಲ್ ಸಮೇತ! ಸುದ್ದಿ ಕೇಳಿ ಹೆಂಡತಿ ಅಲ್ಲೇ ಕುಕ್ಕರಿಸಿ, ಮುಖ ಮುಚ್ಚಿಕೊಂಡು ನಕ್ಕಳು, ಅತ್ತಳು.

ಮೆಕ್ಯಾನಿಕ್ ಗುಂಡಿ ಒತ್ತಿದ. ಶಟರು ಬೆಣ್ಣೆಯಂತೆ ಇಳಿಯಿತು, ಬೆಣ್ಣೆಯಂತೆ ಏರಿತು. ಮೇಷ್ಟ್ರೊಳಗಿನ ವಿಜ್ಞಾನಿ ಸುಮ್ಮನಿರಲಾರದೆ ಕೇಳಿದ. "ಅಲ್ಲಯ್ಯಾ, ಇಷ್ಟು ಕರಾರುವಾಕ್ಕಾಗಿ ತೂಕ ಲೆಕ್ಕ ಹಾಕಿದ್ದು ಯಾರು?"

"ಲೆಕ್ಕ ಯಾರೂ ಹಾಕ್ಲಿಲ್ಲ ಸಾರ್" ಎಂದ ಮೆಕ್ಯಾನಿಕ್. "ಅಮ್ಮಾವ್ರು ಫೋನಲ್ಲಿ ಒಂದೇ ಮಾತು ಹೇಳಿದ್ರು: 'ನಮ್ಮನೆಯವರು ಎಷ್ಟು ಅಂದ್ರೋ, ಅದರ ಮೂರರಷ್ಟು ಹಾಕಿ.'"